ನನ್ನ ಕೈಯ ಊಟ, ನಿಮ್ಮ ಮನೆಯ ರಕ್ತ

ಆದೋನಿಯಲ್ಲಿರುವ ನಾದಿನಿ ಶಿರೀಷಾಳಿಗೆ, ಎಮ್ಮಿಗನೂರಿನಿಂದ ನಿನ್ನ ಅತ್ತಿಗೆ ಲಿಂಗಕ್ಕ ಬರೆಯುವುದು.

ಇಷ್ಟು ವರ್ಷ ಇಲ್ಲದ ಅಕ್ಕರೆ ಈಗ ಯಾಕೆ ಬಂತು? ಫೋನಿಗೆ ನೀನು ಕಳಿಸಿದ ಮಾತನ್ನು ಮತ್ತೆ ಮತ್ತೆ ಕೇಳಿದೆ. "ಅತ್ಗಿ, ಈ ರೋಗ ನಮ್ಮ ವಂಶದಾಗ ಇಳಕೊಂತ ಬಂದೈತಂತ. ಲಕ್ಷ್ಮಿಕಾಂತಣ್ಣನ ರಕ್ತದಾಗ ಸಿಕ್ಕೈತಿ. ಶ್ರಾವಣಿನ ಕರ್ಕೊಂಡು ಕರ್ನೂಲಿಗೆ ಬಾ, ಟೆಸ್ಟ್ ಮಾಡಸೋಣು." ದನಿ ಮೆತ್ತಗಿತ್ತು. ನಿಮ್ಮ ಮನೆಯಲ್ಲಿ ದನಿ ಮೆತ್ತಗಾದಾಗಲೆಲ್ಲ ನನಗೇನೋ ಕಾದಿರುತ್ತಿತ್ತು. ಫೋನ್ ಮಾಡಿದರೆ ಬರೀ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಗೋನೆಗಂಡ್ಲದ ನಿಮ್ಮ ಮನೆಯಲ್ಲಿ ಮೊದಲು ಮಾವ ಹೊಟ್ಟೆನೋವಿನಲ್ಲಿ ಕರಗಿ ಹೋದರು. ಆಮೇಲೆ ನಿನ್ನಣ್ಣ, ನನ್ನ ಗಂಡ ಎರ್ರಿಸ್ವಾಮಿ, ತುತ್ತು ನುಂಗಲಾರದೆ ಮಲಗಿದರು. ಇಬ್ಬರಿಗೂ ಬೇಯಿಸಿ ಬಡಿಸಿದವಳು ನಾನು. "ಆಕಿ ಅನ್ನದಾಗ ಮದ್ದು ಹಾಕ್ಯಾಳ" ಅಂದಳು ನಿನ್ನವ್ವ. ಡಾಕ್ಟರ ಬಳಿ ಹೋಗೋಣವೆಂದು ನಾನು ಕಾಲು ಹಿಡಿದರೂ ಕೇಳದೆ ಅವರನ್ನು ಮದ್ದು ಕಕ್ಕಿಸುವವನ ಹತ್ತಿರ ಕರೆದೊಯ್ದಿರಿ. ಎಲೆಯ ರಸ ಕುಡಿಸಿ ವಾಂತಿ ಮಾಡಿಸಿದಿರಿ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕ್ಯಾನ್ಸರ್ ಹೊಟ್ಟೆಯೆಲ್ಲ ಹಬ್ಬಿತ್ತು. ದಿನಕರ್ಮ ಮುಗಿದ ಮರುದಿನವೇ ನನ್ನನ್ನೂ ಮಗಳು ಶ್ರಾವಣಿಯನ್ನೂ ತವರಿಗೆ ಅಟ್ಟಿದಿರಿ. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಈಗ ಮೈದುನ ಲಕ್ಷ್ಮಿಕಾಂತನಿಗೂ ಅದೇ ರೋಗ. ಅವನು ಹಾಸ್ಟೆಲಿನಲ್ಲಿ ಬೆಳೆದವನು, ನನ್ನ ಅಡುಗೆ ಉಂಡದ್ದೇ ಕಡಿಮೆ. ಅಲ್ಲಿಗೂ ನನ್ನ ಮದ್ದು ಬಸ್ಸು ಹತ್ತಿಕೊಂಡು ಹೋಯಿತೇ?

ನಿನ್ನ ಮಾತು ನಂಬದೆ ಇಲ್ಲಿನ ಡಾಕ್ಟರಮ್ಮನನ್ನು ನಾನೇ ಹೋಗಿ ಕೇಳಿದೆ. ಅಣ್ಣತಮ್ಮಂದಿರಿಬ್ಬರಿಗೂ ಜೀನಿನಲ್ಲಿ ಅದೇ ಬದಲಾವಣೆ ಇದ್ದಿರಬೇಕು, ಮಗಳಿಗೆ ಬಂದಿರಬಹುದು, ಬರದೆಯೂ ಇರಬಹುದು ಎಂದರು. ಬಂದಿದ್ದರೂ ರೋಗ ಆಗಲೇಬೇಕೆಂದಿಲ್ಲವಂತೆ. ಅಪಾಯ ಮಾತ್ರ ಹೆಚ್ಚು. ಮೊದಲೇ ಗೊತ್ತಾದರೆ ಹೊಟ್ಟೆಯೊಳಗೆ ಆಗಾಗ ಕೊಳವೆ ಇಳಿಸಿ ನೋಡುತ್ತಾ ಎಚ್ಚರವಾಗಿರಬಹುದಂತೆ. ಆಕೆಯನ್ನು ನಂಬಿದೆ, ನಿಮ್ಮನ್ನು ನಂಬಲಾಗುತ್ತಿಲ್ಲ. ಶ್ರಾವಣಿಗೆ ಗಂಡು ನೋಡುತ್ತಿದ್ದೇವೆ. ತಾಯಿಯ ಕೈ ಕೆಟ್ಟದ್ದು ಅಂದವರು ನಾಳೆ ಮಗಳ ರಕ್ತವೇ ಕೆಟ್ಟದ್ದು ಅಂತ ಊರೆಲ್ಲ ಹೇಳಿಕೊಂಡು ಬಂದರೆ ನಾನೇನು ಮಾಡಲಿ?

ಹೋಗುವುದೇ ಬೇಡ ಅಂದುಕೊಂಡಿದ್ದೆ. ಮೊನ್ನೆ ಶ್ರಾವಣಿ ಎರಡು ತುತ್ತಿಗೇ ತಾಟು ಸರಿಸಿ "ಹೊಟ್ಟಿ ಉರೀತೈತವ್ವ" ಅಂದಳು. ನನ್ನ ಬಾಯಿಂದ ಬಂದ ಮೊದಲ ಮಾತೇನು ಗೊತ್ತಾ? "ಯಾರ ಮನ್ಯಾಗ ಉಂಡು ಬಂದಿ?" ನಿನ್ನವ್ವನಂತೆಯೇ ಮದ್ದಿನ ಶಂಕೆಯಲ್ಲಿ ಹಾಗೆ ಕೇಳಿದವಳು ನಾನೇ, ಶಿರೀಷಾ. ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಸೋಮವಾರ ಕರ್ನೂಲಿಗೆ ಬರುತ್ತೇವೆ. ಆ ರಕ್ತ ನಿನ್ನದೂ ಹೌದು. ಮೊದಲು ನಿನ್ನ ತೋಳು ಚಾಚು, ಆಮೇಲೆ ನನ್ನ ಮಗಳದು. ಏನು ಬಂತೆಂಬುದು ಮೂರನೆಯವರ ಕಿವಿಗೆ ಬೀಳಕೂಡದು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತೇನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ, ನಿನ್ನವ್ವನನ್ನೂ ಕರೆತಂದು ಆಕೆಯ ಎದುರಿಗೇ, ನೀನು ನನ್ನ ಪಕ್ಕ ಕೂತು ಉಣ್ಣಬೇಕು. ಆಗದಿದ್ದರೆ ಈಗಲೇ ಹೇಳು, ಮಗಳನ್ನು ನಾನೊಬ್ಬಳೇ ಬೇರೆ ಕಡೆ ತೋರಿಸುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ. ಸಿಟ್ಟು ಹೋಗಿಲ್ಲ, ಆದರೂ ಹೀಗೆ ಮನಸ್ಸಾರೆ ಹರಸುತ್ತಿದ್ದೇನೆ.

ನೀವು ಅಟ್ಟಿದರೂ ಅತ್ತಿಗೆಯಾಗಿಯೇ ಉಳಿದ,
ಲಿಂಗಕ್ಕ