ಹಕಾರ

ಬಂಗಾರಪೇಟೆ
೯ ಜನವರಿ ೨೦೨೪

ಚಿರಂಜೀವಿ ಮುನಿಲಕ್ಷ್ಮಿಗೆ,

ಆಂಜನಪ್ಪನ ಕೈಯಲ್ಲಿ ಕಳಿಸಿದ ಪತ್ರ ತಲುಪಿತು. ತಂದೆಯವರ ಹನ್ನೊಂದನೆಯ ದಿನದ ಭಜನೆಯನ್ನು ನಾನೇ ನಡೆಸಿಕೊಡಬೇಕೆಂದು ಕೋರಿರುವೆ. ‘ಅನ್ನೊಂದನೇ ದಿನ’ ಎಂದು ಬರೆದಿರುವೆ. ಕೆಂಪು ಪೆನ್ನು ತೆಗೆದು, ಮತ್ತೆ ಮುಚ್ಚಿಟ್ಟೆ.

ನಾನು ಬರುವುದಿಲ್ಲ. ಕಾರಣವನ್ನು ಆಂಜನಪ್ಪ ನಿನಗೆ ಹೇಳಿಲ್ಲವೆಂದು ಕಾಣುತ್ತದೆ.

ಎರಡು ವರ್ಷಗಳ ಹಿಂದೆ ಚಾಂಪಿಯನ್ ರೀಫ್ಸ್‌ನ ಗಣಿ ಕಾಲೊನಿಯ ಶನಿವಾರದ ಭಜನೆಗೆ ನಿನ್ನ ತಂದೆ ಜಯರಾಮಪ್ಪನವರೇ ನನ್ನನ್ನು ಕರೆದಿದ್ದರು. ಹೊಸಬನು ಪಾಲಿಸಬೇಕಾದ ಕ್ರಮವನ್ನು ಬಾಗಿಲಲ್ಲೇ ತಿಳಿಸಿದರು: "ಎತ್ಕೊಡೋರು ಒಬ್ರೇ ಮೇಷ್ಟ್ರೇ. ನೀವು ಪಲ್ಲವಿಗೆ ಸೇರ್ಕೊಳ್ಳಿ. ತಪ್ಪು ಕಂಡ್ರೆ ಮಂಗಳಾರತಿ ಆದ್ಮೇಲೆ ಆಚೆ ಬಂದು ಯೇಳಿ." ನಾನು ಒಪ್ಪಿದೆ.

ಮೂರನೆಯ ಹಾಡನ್ನು ಅವರು ಎತ್ತಿಕೊಂಡರು. ‘ಹರಿ’ ಎನ್ನಬೇಕಾದಲ್ಲೆಲ್ಲ ‘ಅರಿ’ ಎನ್ನುತ್ತಿದ್ದರು. ಅರಿ ಎಂದರೆ ಶತ್ರು. ನಿಮ್ಮ ಕಡೆಯ ನಾಲಗೆಯ ಸೋಮಾರಿತನವೆಂದುಕೊಂಡೆ; ಮೂವತ್ತಾರು ವರ್ಷ ವ್ಯಾಕರಣ ಕಲಿಸಿದ ಕಿವಿ ಅದನ್ನು ಸಹಿಸಲಿಲ್ಲ. ಕೈಯೆತ್ತಿ ಹಾಡನ್ನು ನಿಲ್ಲಿಸಿದೆ. ಹಕಾರವನ್ನು ಉಚ್ಚರಿಸಿ ಎಂದೆ. ನಾಲ್ಕು ಸಲ ಪ್ರಯತ್ನಿಸಿದರು. ನಾಲ್ಕು ಸಲವೂ ಕೆಮ್ಮು ಬಂತು. ಡೋಲಕ್ ಬಾರಿಸುತ್ತಿದ್ದ ಆಂಜನಪ್ಪ, "ದೇವ್ರ ಮುಂದೇನೂ ಪರೀಕ್ಷೆ ಇಕ್ಬಿಟ್ರಾ ಸಾಮೀ" ಎಂದ. ಕೆಲವರು ನಕ್ಕರು. ನಿನ್ನ ತಂದೆಯವರು ತಾಳಗಳನ್ನು ನನ್ನ ಕೈಗಿಟ್ಟು, "ನೀವೇ ಯೇಳಿ" ಎಂದು ಎದ್ದುಹೋದರು.

ಹಾಡನ್ನು ನಾನು ಮುಂದುವರಿಸಿದೆ. ಉಚ್ಚಾರ ಶುದ್ಧವಾಗಿತ್ತು. ಪಲ್ಲವಿಗೆ ಒಬ್ಬರೂ ದನಿಗೂಡಿಸಲಿಲ್ಲ.

ಅನಂತರ ಅವರು ಎಲ್ಲಿಯೂ ಹಾಡಲಿಲ್ಲವೆಂದು ಕೇಳಿದ್ದೆ. ಮುನಿಸೆಂದು ತಿಳಿದೆ. ಗಣಿಯ ದೂಳು ಅವರ ಎದೆಯನ್ನು ತುಂಬಿದ್ದ ಸಂಗತಿ ನಿನ್ನ ಪತ್ರದಿಂದಲೇ ತಿಳಿಯಿತು. ಹಕಾರವೆಂದರೆ ಬರಿಯ ಉಸಿರು. ಅವರಲ್ಲಿ ಇಲ್ಲದಿದ್ದುದೇ ಅದು.

ಭಜನೆಯನ್ನು ಆಂಜನಪ್ಪ ಎತ್ತಿಕೊಡಲಿ. ಅವನು ಅರಿ ಎಂದರೆ ಎಲ್ಲರೂ ಅರಿ ಎನ್ನಲಿ. ಶುದ್ಧಾಶುದ್ಧಗಳನ್ನು ವಿಚಾರಿಸುವವರು ಅಲ್ಲಿ ಯಾರೂ ಇರಬಾರದು.

ಇಂತು,
ಕೆ. ಗೋಪಿನಾಥ್
ನಿವೃತ್ತ ಮುಖ್ಯೋಪಾಧ್ಯಾಯ

ತಾ. ಕ.: ದೂಳಿನ ಸಂಗತಿ ಪತ್ರದಿಂದ ತಿಳಿಯಿತೆಂದು ಮೇಲೆ ಬರೆದುದು ಸುಳ್ಳು. ದೀಪಾವಳಿಗೆ ಮುನ್ನ ಅವರು ಮಾರಿಕುಪ್ಪಂ ರೈಲು ಹಿಡಿದು ನಮ್ಮ ಮನೆಗೆ ಬಂದಿದ್ದರು. ನಾನಿಲ್ಲವೆಂದು ನನ್ನ ಹೆಂಡತಿ ಶಶಿರೇಖಳಿಂದ ಹೇಳಿಸಿದೆ. "ತಿದ್ದಿಸ್ಕೊಂಡು ಓಗೋಣಾಂತ ಬಂದೆ ತಾಯಿ" ಎಂದು ಜಗುಲಿಯಲ್ಲಿ ಕುಳಿತರು; ಎದೆಯಲ್ಲಿ ಗಣಿಯ ದೂಳು ತುಂಬಿದೆಯೆಂದು ಅವಳಿಗೆ ತಿಳಿಸಿ, ಏದುಸಿರು ಬಿಡುತ್ತ ಹರಿಯ ಹೆಸರನ್ನೇ ಮತ್ತೆ ಮತ್ತೆ ಹೇಳಿಕೊಂಡರು. ನಾನು ಕದದ ಹಿಂದೆ ನಿಂತಿದ್ದೆ. ಎರಡು ಸಲ ಸರಿಯಾಗಿಯೇ ಬಂತು.