ಇಟ್ಟು ಹೋದ ಗಾಡಿ

ಭಾಗ್ಯನಗರ
೪-೮-೨೦೨೫

ಮಗಳು ಅನ್ನಪೂರ್ಣಳಿಗೆ ನಿನ್ನ ಅವ್ವನ ಆಶೀರ್ವಾದ. ಕುಷ್ಟಗಿಯಲ್ಲಿ ನೀನು, ಅಳಿಯಂದಿರು, ನಿನ್ನ ಅತ್ತೆಯವರು ಕ್ಷೇಮವೆಂದು ನಂಬಿದ್ದೇನೆ.

ಇವತ್ತು ಶ್ರಾವಣ ಸೋಮವಾರದ ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಗವಿಮಠದ ಗುಡ್ಡದ ಕಡೆ ಕೈಮುಗಿದು ಬರೆಯಲು ಕೂತೆ. ತಡವಾಯಿತು, ಸಿಟ್ಟಾಗಬೇಡ. ಫೋನು ಮಾಡೋಣವೆಂದರೆ ನಿನ್ನ ಕಾಕಾ ಗೌರೀಶ ಈಗ ದಿನವೂ ನಮ್ಮ ಮನೆಯಲ್ಲೇ ಕೂತಿರುತ್ತಾನೆ. ನಾನು ಫೋನು ಹಿಡಿದರೆ ಟಿವಿ ಸದ್ದು ಕಡಿಮೆ ಮಾಡುತ್ತಾನೆ.

ಎಲ್ಲಾ ಆ ಮುನ್ನೂರ ಗಾಡಿಯ ದೆಸೆಯಿಂದ. ಹಂಪಿಯ ಆಚೆ ದಂಡೆಯ ವಿರೂಪಾಪುರಗಡ್ಡೆಯಲ್ಲಿದ್ದ ಆಸ್ಟ್ರೇಲಿಯಾದ ಸಾಹೇಬ ತನ್ನ ದೇಶದಿಂದ ತಂದಿದ್ದ ಆ ಕಾರನ್ನು ನಿನ್ನ ಅಜ್ಜನ ಗ್ಯಾರೇಜಿನಲ್ಲಿ ನಿಲ್ಲಿಸಿ, ಬಂದು ಒಯ್ಯುತ್ತೇನೆಂದು ಹೋದವನು ಬರಲೇ ಇಲ್ಲ. ಅದರ ಮೇಲೆ 'ಮೊನಾರೊ' ಎಂದಿದ್ದದ್ದನ್ನು ಅಜ್ಜ 'ಮುನ್ನೂರು' ಎಂದು ಓದಿದರು, ಓಣಿಯೆಲ್ಲ ಹಾಗೇ ಕರೆಯಿತು. ನೀನು ಸಣ್ಣವಳಿದ್ದಾಗ ಅದರಲ್ಲಿ ಕನಕಗಿರಿಗೆ ಹೋಗಿದ್ದೆವು. ಅದರ ಗುಡುಗಿಗೆ ಸಂತೆಯ ಎತ್ತುಗಳು ಕಣ್ಣಿ ಹರಿದುಕೊಂಡವು, ನೀನು ನಕ್ಕಿದ್ದೇ ನಕ್ಕಿದ್ದು.

ಹೋದ ತಿಂಗಳು ಗೌರೀಶ ಹೈದರಾಬಾದಿನ ಒಬ್ಬ ದಲ್ಲಾಳಿಯನ್ನು ಕರೆತಂದ. ಸಾಹೇಬನ ದೇಶದಲ್ಲಿ ಇಂಥ ಹಳೆಯ ಗಾಡಿಗೆ ಈಗ ಬಂಗಾರದ ಬೆಲೆಯಂತೆ.

"ಯಾಕೋ, ಅಲ್ಲೆ ಹೊಸಾವು ಸಿಗಂಗಿಲ್ಲೇನು?" ಎಂದೆ.

"ಅಲ್ಲಿಯವ್ರು ಹರೇದಾಗ ಹುಡುಗೀನ್ನ ಕೂಡಿಸ್ಕೊಂಡು ಓಡಿಸಿದ ಗಾಡಿ ರೀ ಅದು, ಅತ್ತಿಗೀ. ಈಗ ಮುದುಕರಾಗ್ಯಾರ, ರೊಕ್ಕ ಭಾಳ ಐತಿ. ಹರೇ ಅಂತೂ ಸಿಗಂಗಿಲ್ಲ, ಗಾಡಿನರ ಸಿಗಲಿ ಅಂತಾರ" ಎಂದು ನಕ್ಕ.

ದಲ್ಲಾಳಿ ಬಾನೆಟ್ ಎತ್ತಿ, ಕಂಪನಿಯವರು ಗಾಡಿಯ ನಂಬರು ಹೊಡೆದ ತಗಡು ಹುಡುಕಿದ. ಅದು ಕನ್ನಡಿಯಂತೆ ಹೊಳೆಯುತ್ತಿತ್ತು, ಒಂದಂಕಿಯೂ ಉಳಿದಿರಲಿಲ್ಲ.

"ಇದನ್ನ ಉಜ್ಜಿದವರು ಯಾರು?"

ನಿಮ್ಮಪ್ಪ ಹೆಮ್ಮೆಯಿಂದ, "ನಾನ ರೀ. ಅಮಾಸಿಗೊಮ್ಮೆ ಹುಣಸಿಹಣ್ಣು ಹಚ್ಚಿ, ದೇವರ ಸಾಮಾನಿನ ಜೋಡಿ" ಎಂದರು.

ದಲ್ಲಾಳಿ ನಗಲಿಲ್ಲ. ನಂಬರಿಲ್ಲದಿದ್ದರೆ ಕಳವಿನ ಗಾಡಿ ಎನ್ನುತ್ತಾರಂತೆ. ಅದಕ್ಕೆ, ಸಾಹೇಬ ಅದನ್ನು ನಮಗೇ ಕೊಟ್ಟು ಹೋಗಿದ್ದಾನೆಂದು ಅಜ್ಜ ಈಗ ಇಲ್ಲದ್ದರಿಂದ ಹಿರಿಮಗನಾದ ನಿಮ್ಮಪ್ಪ ಸಹಿ ಮಾಡಬೇಕಂತೆ. ನಿಮ್ಮಪ್ಪನದು ಒಂದೇ ಮಾತು: "ಇಟ್ಟು ಹೋಗ್ಯಾನ, ಕೊಟ್ಟು ಹೋಗಿಲ್ಲ."

ಅಂದಿನಿಂದ ಗುರುತಿಲ್ಲದವರು ಬಂದು ಹೋಗುತ್ತಾರೆ. ಮೊನ್ನೆ ಇಬ್ಬರು ಗ್ಯಾರೇಜಿನ ಬಾಗಿಲಿನ ಅಗಲವನ್ನು ಟೇಪು ಹಿಡಿದು ಅಳೆದರು. ನನ್ನನ್ನು ನೋಡಿ ನಮಸ್ಕಾರ ಮಾಡಿ ಹೋದರು. ನಿಮ್ಮಪ್ಪ ಈಗ ಗಾಡಿ ಬಿಟ್ಟು ಊಟಕ್ಕೂ ಮನೆಗೆ ಬರುವುದಿಲ್ಲ.

ನಿನ್ನೆ ಗೌರೀಶನಿಗೆ ರೊಟ್ಟಿ ಬಡಿಸುತ್ತಿದ್ದೆ. "ಅಣ್ಣಗ ವಯಸ್ಸಾತು ನೋಡ್ರಿ ಅತ್ತಿಗೀ. ದಿನಾ ಆ ಗಾಡಿ ಕೆಳಗ ಹೊಕ್ಕೊಂಡು ಮಲಗ್ತಾನ. ಜಾಕ್ ಜಾರಿತಂದ್ರ? ಆಮ್ಯಾಲ ಸಹಿ ನಾನ ಮಾಡಬೇಕಾಗತೈತಿ" ಎಂದ. ನಾನು ರೊಟ್ಟಿಯ ಬುಟ್ಟಿ ಕೆಳಗಿಟ್ಟೆ. "ಶೇಂಗಾ ಚಟ್ನಿ ಇನ್ನೊಂಚೂರು ಹಾಕ್ರಿ, ಛಲೋ ಆಗೈತಿ" ಎಂದ.

ನಿಮ್ಮಪ್ಪನಿಗೆ ಹೇಳಿದರೆ, "ಒಡಹುಟ್ಟಿದಾಂವ ಹಂಗ ಮಾಡ್ತಾನೇನ, ಹುಚ್ಚಿ" ಎನ್ನುತ್ತಾರೆ. ನೀನು ಕರೆದರೆ ಬಂದಾರು. ಏನಾದರೂ ನೆಪ ಹೇಳಿ ಕರೆಸಿಕೋ. ಗಾಡಿ ಹೋದರೆ ಹೋಗಲಿ.

ಗವಿಸಿದ್ದೇಶ್ವರ ನಿನ್ನ ಕುಂಕುಮ ಕಾಯಲಿ. ನನ್ನದನ್ನೂ ಕಾಯಲಿ.

ನಿನ್ನ ಅವ್ವ,
ಪಾರಮ್ಮ

ತಾ.ಕ.: ದಲ್ಲಾಳಿ ತನ್ನ ಫೋನಿನಲ್ಲಿ ಗಾಡಿಯ ಫೋಟೋ ತೋರಿಸಿ, ಮೊದಲು ತನಗೆ ಬಂದದ್ದು ಇದೇ ಎಂದ. ಗಾಡಿಯ ಗಾಜಿನಲ್ಲಿ ಫೋಟೋ ತೆಗೆಯುವವಳ ನೆರಳು ಬಿದ್ದಿತ್ತು. ಹೆತ್ತವಳಿಗೆ ಆ ನಿಲುವು ಗೊತ್ತಾಗದೇ? ನಿಮ್ಮಪ್ಪನ ಕಣ್ಣು ಮಂದ, ಅವರಿಗೆ ಕಾಣಲಿಲ್ಲ. ನಾನೂ ಹೇಳಿಲ್ಲ. ಫೋಟೋ ಕಳಿಸಿದ್ದಕ್ಕೆ ನಾನು ಬಯ್ಯುವುದಿಲ್ಲ, ಅನ್ನಪೂರ್ಣಾ. ಜಾಕಿನ ಮಾತು ನಿನಗೆ ಗೊತ್ತಿತ್ತೇ? ಅಷ್ಟನ್ನೇ ನಿನ್ನ ಕೈಯಾರೆ ಬರೆ. ನೆರೆಮನೆಯ ಗೌಸಬೀಯ ಸೊಸೆ ಶಮಾ ಶುಕ್ರವಾರ ಕುಷ್ಟಗಿಗೆ ತವರಿಗೆ ಬರುತ್ತಾಳೆ. ನಿನ್ನ ಉತ್ತರವನ್ನು ಅವಳೇ ತರಲಿ, ಬೇರೆ ಯಾರ ಕೈಗೂ ಕೊಡಬೇಡ.