ನಲ್ಲಿ ರಿಪೇರಿಯ ವಿಡಿಯೊಗಳು

ಅಪ್ಪಾ,

ನೀನು ಹೋಗಿ ಎಂಟು ತಿಂಗಳಾಯಿತು. ನಿನ್ನ ನಂಬರು ಈಗ ಇನ್ಯಾರಿಗೋ ಸಿಕ್ಕಿದೆ. ಅದಕ್ಕೇ ಹಾಳೆಯ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕೋಟಿನ ಫೋಟೊ ತೆಗೆಯಲು ಹೋದರೆ, ಫೋನು ಜಾಗವಿಲ್ಲ ಎಂದು ಹಟ ಹಿಡಿದು ಕೂತಿತು. ಪಕ್ಕದ ಮೊಬೈಲ್ ಅಂಗಡಿಯವಳನ್ನು ಕರೆದೆ.

"ಅಕ್ಕಾ, ಕಂಡಿದ್ದೆಲ್ಲ ಅಳಿಸ್ಬೇಡಿ. ಮೊದ್ಲು ಕಂಪ್ಯೂಟರಿಗೆ ಹಾಕ್ಕೊಳ್ಳಿ, ಅಲ್ಲಿ ತೆರೆದು ನೋಡಿ, ಆಮೇಲೆ ಇಲ್ಲಿ ತೆಗೀರಿ. ಬಟ್ಟೆ ಕತ್ತರಿಸೋ ಮುಂಚೆ ಎರಡು ಸಲ ಅಳೀತೀರಲ್ಲ, ಹಾಗೆ."

ಹಾಗೇ ಮಾಡಿದೆವು. ನಾಲ್ಕು ವರ್ಷದಿಂದ ತೆಗೆದಿಟ್ಟ ತೋಳು, ಕಾಲರುಗಳ ಫೋಟೊ ಸಾಗಿಸಿ ಅಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಕೊನೆಗೆ ಮೆಸೇಜುಗಳ ಪಟ್ಟಿಯಲ್ಲಿ ನಿನ್ನ ಹೆಸರು ಬಂತು. ರಿಪೇರಿ ಮಾಡಿದ ಒಂದೊಂದು ನಲ್ಲಿಯದೂ ವಿಡಿಯೊ ಕಳಿಸುತ್ತಿದ್ದೆಯಲ್ಲ, "ನೋಡು ಮಗಳೇ, ಒಂದು ಹನಿ ಸೋರಲ್ಲ" ಅಂತ. ಇದೊಳ್ಳೆ ಕಾಟವಾಯಿತಲ್ಲ ಎಂದು, ನಾನು ಮುಟ್ಟಿದರೆ ಮಾತ್ರ ಅವು ಫೋನಿಗೆ ಇಳಿಯುವ ಹಾಗೆ ಮಾಡಿಟ್ಟಿದ್ದೆ. ಆಮೇಲೆ ಮುಟ್ಟಲಿಲ್ಲ.

"ಇವು ಬರೀ ಮಸುಕು ಚೌಕ, ಜಾಗಾನೇ ತಿಂದಿಲ್ಲ," ಎಂದಳು ಅವಳು. "ಇದ್ರೆ ಇರ್ಲಿ ಬಿಡಿ."

ಅವಳು ಹೋದ ಮೇಲೆ ನೋಡಿದರೆ ಫೋನಿನಲ್ಲಿ ಬೇಕಾದಷ್ಟು ಜಾಗ. ನೀನು ಆಸ್ಪತ್ರೆ ಸೇರುವ ಹಿಂದಿನ ದಿನ ಕಳಿಸಿದ್ದನ್ನು ಮುಟ್ಟಿದೆ. ಚಕ್ರ ಸುತ್ತಿತು, ಸುತ್ತಿತು, ನಿಂತಿತು. ಒಂದು ಸಾಲು ಬಂತು:

"ಈ ವಿಡಿಯೊ ಈಗ ಸಿಗುವುದಿಲ್ಲ. ಇನ್ನೊಮ್ಮೆ ಕಳಿಸುವಂತೆ ಅಪ್ಪ ಅವರನ್ನು ಕೇಳಿ."